ಸಹಾಯ ಬೇಕು: ತಂಗಿಗೆ ಜರ್ಮನಿಯಲ್ಲಿ ನರ್ಸ್ ಕೆಲಸ, ಏಜೆಂಟನ್ನು ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಹತ್ತಿರದವರು. ತಂಗಿ ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಈಗ ಜರ್ಮನಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳ ಸಂಬಳ ನೋಡಿದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಒಬ್ಬ ಏಜೆಂಟ್ ಮೂರೂವರೆ ಲಕ್ಷ ಕೇಳುತ್ತಿದ್ದಾನೆ. ಅರ್ಧ ಮುಂಗಡ, ರಸೀದಿ ಇಲ್ಲ. ಸರ್ಕಾರದ ನಿಯಮದಂತೆ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಅಲ್ವಾ? ನೋಂದಾಯಿತ ಏಜೆಂಟರ ಪಟ್ಟಿ ಇರುವ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿದೆ, ಅವನ ಹೆಸರೇ ಇಲ್ಲ. ಅಪ್ಪ ಮಾತ್ರ ಕಾಫಿ ಮಾರಿದ ದುಡ್ಡು ಹಿಡಿದು ಕೂತಿದ್ದಾರೆ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳು ಏಜೆಂಟ್ ದುಡ್ಡಿಲ್ಲದೆ ಜರ್ಮನಿಗೆ ಹೋಗುತ್ತಾರೆ. ಕರ್ನಾಟಕದವರಿಗೂ ಅಂಥ ದಾರಿ ಇದೆಯಾ?

ಇನ್ನು ಭಾಷೆ. ನರ್ಸ್ ಅಂತ ಪೂರ್ತಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ (ಮಧ್ಯಮಕ್ಕಿಂತ ಸ್ವಲ್ಪ ಮೇಲಿನ) ಜರ್ಮನ್ ಬೇಕು. ಏಜೆಂಟ್ ಮೂರು ತಿಂಗಳು ಸಾಕು ಅಂತಾನೆ. ನೈಟ್ ಡ್ಯೂಟಿ ಮಾಡಿಕೊಂಡು ಅಷ್ಟರಲ್ಲಿ ಆಗುತ್ತಾ? (ನನಗಂತೂ ಸುಳ್ಳು ಅನಿಸುತ್ತದೆ.) ಮಡಿಕೇರಿ, ಗೋಣಿಕೊಪ್ಪ ಕಡೆ ಕಲಿಸುವವರಿದ್ದಾರಾ?

ಅಲ್ಲಿ ಕೆಲಸ ಮಾಡುತ್ತಿರುವ ಕೊಡಗಿನ ಅಕ್ಕಂದಿರು, ಅಣ್ಣಂದಿರು ಇದ್ದರೆ ದಯವಿಟ್ಟು ತಿಳಿಸಿ. ಬರುವ ಸೋಮವಾರ ಮುಂಗಡ ಕೊಡಬೇಕಂತೆ.