ಹಳೆಯ ಪೀಟ್ ವಿಸ್ಕಿಗಳನ್ನು ಅಕ್ಕಪಕ್ಕ ಇಟ್ಟು ಸವಿಯುವ ಕ್ರಮ ಯಾವುದು?

ಕಡಲಂಚು ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಐಲಾ ದ್ವೀಪದ ನಾಲ್ಕು ಸಿಂಗಲ್ ಮಾಲ್ಟ್‌ಗಳ, ಅಂದರೆ ಮಾಲ್ಟನ್ನು (ಮೊಳೆಯಿಸಿದ ಬಾರ್ಲಿಯನ್ನು) ಪೀಟ್ ಎಂಬ ಜೌಗುನೆಲದ ಇಂಧನದ ಹೊಗೆಯಲ್ಲಿ ಒಣಗಿಸಿ ಒಂದೊಂದೇ ಡಿಸ್ಟಿಲರಿಯಲ್ಲಿ ತಯಾರಿಸಿದ ವಿಸ್ಕಿಗಳ, ಸಣ್ಣ ಮಾದರಿಗಳು ನನ್ನಲ್ಲಿ ಕೂಡಿಬಂದಿವೆ: ಲಗವೂಲಿನ್ 16, ಕುಲ್ ಈಲಾ 25 (ಅಂಕಿಗಳು ವಯಸ್ಸಿನ ವರ್ಷಗಳು), ಶೆರ್ರಿ (ಸ್ಪೇನಿನ ಒಂದು ಬಗೆಯ ವೈನ್) ಪೀಪಾಯಿಯಲ್ಲಿ 25 ವರ್ಷ ದಾಟಿದ ಒಂದು ಲಫ್ರೋಯ್ಗ್ ಮತ್ತು 1979ರಲ್ಲಿ ಬಟ್ಟಿ ಇಳಿಸಿದ ಪೋರ್ಟ್ ಎಲೆನ್. ಮೊದಲ ಎರಡು ಶೇಕಡಾ 43ರ ಆಲ್ಕೋಹಾಲ್ ಬಲದವು. ಉಳಿದೆರಡನ್ನು ಪೀಪಾಯಿಯಿಂದ ನೀರು ಬೆರೆಸದೆ ನೇರವಾಗಿ ಬಾಟಲಿಗೆ ತುಂಬಿಸಲಾಗಿದ್ದು, ಅವುಗಳ ಬಲ ಶೇಕಡಾ 50ನ್ನು ಮೀರುತ್ತದೆ.

ಒಂದೊಂದರಿಂದಲೂ ಒಂದು ಗುಟುಕು ಮಾತ್ರ ರುಚಿ ನೋಡಿದ್ದೇನೆ. ನಾಲ್ಕರಲ್ಲಿ ಅತ್ಯಂತ ಕಿರಿಯದಾದ ಲಗವೂಲಿನ್‌ನಲ್ಲಿಯೇ ಹೊಗೆ ಎದ್ದು ಕಾಣಿಸಿತು. ಲಫ್ರೋಯ್ಗ್‌ನಲ್ಲಿ ಒಣದ್ರಾಕ್ಷಿಯೂ ಹಳೆಯ ಮರವೂ ಮುಂದೆ ನಿಂತು, ಹೊಗೆಯನ್ನು ಹುಡುಕಬೇಕಾಯಿತು. ಪೀಟ್ ಹೊಗೆ ಕಾಲಕ್ರಮದಲ್ಲಿ ನಿಜವಾಗಿಯೂ ಕುಗ್ಗುತ್ತದೆಯೇ? ಡಿಸ್ಟಿಲರಿಗಳು ಹೇಳುವ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಅಳತೆ) ಅಂಕಿಗಳನ್ನು ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳಬಹುದೇ? ಮಾದರಿಗಳು ಮುಗಿಯುವ ಮೊದಲು ಸರಿಯಾದ ಕ್ರಮದಲ್ಲಿ ಕುಳಿತು ಹೋಲಿಸಬೇಕೆಂಬ ಆಸೆ ಇದೆ. ಅನುಭವಿಗಳು ದಯವಿಟ್ಟು ತಿಳಿಸಿಕೊಡಿ.

ತಾಮ್ರದ ಹಂಡೆ ಅವರ ಉತ್ತರ:

ಪಿಪಿಎಂ ಅಂಕಿಯನ್ನು ಮೊದಲು ಬದಿಗಿಡಿ. ಲಗವೂಲಿನ್‌ಗೆ ಸುಮಾರು 35, ಐಲಾದ ಇನ್ನೊಂದು ಡಿಸ್ಟಿಲರಿ ಆರ್ಡ್‌ಬೆಗ್‌ಗೆ ಸುಮಾರು 55 ಎಂದು ಹೇಳುವಾಗ ಅಳೆಯುವುದು ಒಣಗಿಸಿದ ಬಾರ್ಲಿ ಮಾಲ್ಟ್‌ನಲ್ಲಿರುವ, ಹೊಗೆಯ ವಾಸನೆ ಕೊಡುವ ಫೀನಾಲುಗಳನ್ನೇ ಹೊರತು ನಿಮ್ಮ ಲೋಟದಲ್ಲಿರುವ ವಿಸ್ಕಿಯನ್ನಲ್ಲ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆಯುವಾಗ ಸ್ವಲ್ಪ, ಬಟ್ಟಿ ಇಳಿಸುವಾಗ ಇನ್ನಷ್ಟು, ಹೀಗೆ ಫೀನಾಲುಗಳ ದೊಡ್ಡ ಪಾಲು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಎಷ್ಟು ಉಳಿಯುತ್ತದೆ ಎಂಬುದು ಹಂಡೆಯ ಆಕಾರ ಮತ್ತು ಬಟ್ಟಿ ಇಳಿಸುವವರ ಕೈಯನ್ನು ಅವಲಂಬಿಸಿದೆ. ಇದಕ್ಕೆ ನಿಮ್ಮಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಲಗವೂಲಿನ್ ಮತ್ತು ಕುಲ್ ಈಲಾ ಎರಡಕ್ಕೂ ಪೋರ್ಟ್ ಎಲೆನ್‌ನ ಮಾಲ್ಟ್ ಕಾರ್ಖಾನೆಯಿಂದಲೇ ಮಾಲ್ಟ್ ಬರುತ್ತದೆ ಮತ್ತು ಅದರ ಪೀಟ್ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಕುಲ್ ಈಲಾದ ದೊಡ್ಡ ಹಂಡೆಗಳನ್ನು ಪೂರ್ತಿ ತುಂಬದೆ ಮೇಲೆ ಸಾಕಷ್ಟು ಜಾಗ ಬಿಡುವುದರಿಂದ ಆವಿ ಮತ್ತೆ ಮತ್ತೆ ತಾಮ್ರಕ್ಕೆ ತಾಗಿ, ತಣಿದು ಕೆಳಗಿಳಿಯುತ್ತದೆ, ಭಾರದ ಅಂಶಗಳು ಹಿಂದುಳಿಯುತ್ತವೆ. ಲಗವೂಲಿನ್‌ನಲ್ಲಿ ಪಿಯರ್ ಹಣ್ಣಿನ ಆಕಾರದ ಹಂಡೆಗಳನ್ನು ಬಹುತೇಕ ತುಂಬಿ, ಬಹಳ ನಿಧಾನವಾಗಿ ಕಾಯಿಸುತ್ತಾರೆ. ಒಂದರಲ್ಲಿ ನಿಂಬೆಸಿಪ್ಪೆಯ ಹಗುರತೆ, ಇನ್ನೊಂದರಲ್ಲಿ ಎಣ್ಣೆಯಂಥ ದಪ್ಪ ಮೈ ಬರುವುದಕ್ಕೆ ಇದು ಮುಖ್ಯ ಕಾರಣ. ಇದರ ಜೊತೆಗೆ, ಬಟ್ಟಿ ಇಳಿಯುವಾಗ ಭಾರದ ಫೀನಾಲುಗಳು ಕೊನೆಯ ಭಾಗದಲ್ಲಿ ಹೆಚ್ಚಾಗಿ ಬರುವುದರಿಂದ, ಒಳ್ಳೆಯ ಭಾಗವನ್ನು ಸಂಗ್ರಹಿಸುವುದನ್ನು ಯಾವ ಹಂತದಲ್ಲಿ ನಿಲ್ಲಿಸುತ್ತಾರೆ ಎಂಬುದರ ಮೇಲೆ ಹೊಗೆಯ ಬಣ್ಣವೇ ಬದಲಾಗುತ್ತದೆ. ಬೇಗ ನಿಲ್ಲಿಸಿದರೆ ಸುಟ್ಟ ಕಟ್ಟಿಗೆಯ ಸಿಹಿ ಹೊಗೆ, ತಡವಾಗಿ ನಿಲ್ಲಿಸಿದರೆ ಡಾಂಬರು ಮತ್ತು ಅಯೋಡಿನ್.

ಕಾಲ ಕಳೆದಂತೆ ಹೊಗೆ ಕುಗ್ಗುತ್ತದೆಯೇ ಎಂದರೆ, ಹೌದು. ಪೀಪಾಯಿಯೊಳಗೆ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗುತ್ತಾ ಹೋಗುವ ದ್ರವದಲ್ಲಿ ಫೀನಾಲುಗಳೂ ನಿಧಾನವಾಗಿ ಬದಲಾಗುತ್ತವೆ. ಅದೇ ಹೊತ್ತಿಗೆ ಓಕ್ ಮರದ ವೆನಿಲಾ, ಮಸಾಲೆ, ಒಗರು ಸೇರಿಕೊಂಡು ಹೊಗೆಯ ಮೇಲೆ ಪದರ ಹಾಸುತ್ತವೆ. ಶೆರ್ರಿ ಪೀಪಾಯಿಯಲ್ಲಿ ಆ ಪದರ ಇನ್ನೂ ದಪ್ಪ. ಹಾಗಾಗಿ ನಿಮ್ಮ ಲಫ್ರೋಯ್ಗ್‌ನ ವರ್ತನೆಯಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ನನ್ನ ಮಟ್ಟಿಗೆ ಹಳೆಯ ಪೀಟ್ ವಿಸ್ಕಿಯ ಸೊಗಸು ಇರುವುದೇ ಇಲ್ಲಿ. ಹೊಗೆಯ ಅಬ್ಬರ ಇಳಿದ ಮೇಲೆ ಡಿಸ್ಟಿಲರಿಯ ಮೂಲಗುಣ ಬಯಲಿಗೆ ಬರುತ್ತದೆ. ಹೊಗೆ ಎಷ್ಟಿದೆ ಎಂದು ಅಳೆಯುವ ಬದಲು, ಹೊಗೆಯ ಜೊತೆಗೆ ಏನಿದೆ ಎಂದು ಹುಡುಕಿದರೆ ಹೋಲಿಕೆಗೆ ಅರ್ಥ ಬರುತ್ತದೆ.

ಪೋರ್ಟ್ ಎಲೆನ್‌ನ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಆ ಕಾಲದ ಒಂದು ಪೋರ್ಟ್ ಎಲೆನ್ ಮೂಗಿಗೆ ಹಿಡಿದಾಗ ಮೊದಲು ಮೇಣದ ವಾಸನೆ, ಆಮೇಲೆ ನಿಂಬೆಸಿಪ್ಪೆ, ಆಮೇಲೆ ನೆಂದ ಕಲ್ಲು ಬಂತು. ಹೊಗೆ ಇಲ್ಲವೇ ಇಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ, ಕೆಲವು ಹನಿ ನೀರು ಬಿದ್ದ ಕೂಡಲೇ ಡಾಂಬರು ಹಚ್ಚಿದ ಹಗ್ಗದ ವಾಸನೆ ಲೋಟದ ಅಂಚಿನವರೆಗೂ ಏರಿತು.

ನಿಧಾನಗುಟುಕು ಅವರ ಉತ್ತರ:

ಮೇಲಿನ ಉತ್ತರದ ಕೊನೆಯ ಸಾಲಿಗೆ ಒಂದು ವೈಜ್ಞಾನಿಕ ಆಧಾರವಿದೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅಧ್ಯಯನದಲ್ಲಿ, ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಫೀನಾಲನ್ನು ಪರಿಶೀಲಿಸಿದರು. ಆಲ್ಕೋಹಾಲಿನ ಪ್ರಮಾಣ ಶೇಕಡಾ 45ರವರೆಗೆ ಇದ್ದಾಗ ಅದರ ಅಣುಗಳು ದ್ರವದ ಮೇಲ್ಮೈಯ ಹತ್ತಿರ ಸೇರುತ್ತವೆ. ಪ್ರಮಾಣ ಶೇಕಡಾ 59ನ್ನು ಮೀರಿದಾಗ ಎಥನಾಲ್ (ಆಲ್ಕೋಹಾಲ್) ಅಣುಗಳು ಅವನ್ನು ಸುತ್ತುವರಿದು ಒಳಗೆ ಸೆಳೆಯುತ್ತವೆ.

ಹಾಗಾಗಿ ಬೇರೆ ಬೇರೆ ಬಲದ ವಿಸ್ಕಿಗಳನ್ನು ಇದ್ದ ಹಾಗೆಯೇ ಹೋಲಿಸಿದರೆ ತಕ್ಕಡಿಯೇ ತಪ್ಪಾಗಿರುತ್ತದೆ. ಮೊದಲು ಅವುಗಳ ಬಲವನ್ನು ಸಮ ಮಾಡಿಕೊಳ್ಳಿ. ಶೇಕಡಾ 56ರ ಬಲದ 30 ಮಿಲಿ ವಿಸ್ಕಿಗೆ ಸುಮಾರು 9 ಮಿಲಿ ನೀರು ಸೇರಿಸಿದರೆ ಅದು ಶೇಕಡಾ 43ಕ್ಕೆ ಇಳಿಯುತ್ತದೆ. ಆದರೆ ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಅರ್ಧ ಪಾಲನ್ನು ನೀರಿಲ್ಲದೆ ಉಳಿಸಿಕೊಂಡು, ಇನ್ನರ್ಧಕ್ಕೆ ಮಾತ್ರ ನೀರು ಸೇರಿಸಿ, ಎರಡನ್ನೂ ಮೂಗಿಗೆ ಹಿಡಿದು ನೋಡಿ. ನೀರಿಗೆ ತನ್ನದೇ ವಾಸನೆ ಇರಬಾರದು. ಈಗಾಗಲೇ ಶೇಕಡಾ 43ರಲ್ಲಿರುವ ಕುಲ್ ಈಲಾಕ್ಕೆ ನೀರು ಬೇಡವೇ ಬೇಡ, ಅಷ್ಟು ಹಳೆಯದು ನೀರು ಬಿದ್ದರೆ ಬೇಗ ಸಪ್ಪೆಯಾಗುತ್ತದೆ.

ಕ್ರಮದ ಬಗ್ಗೆ ಹೇಳುವುದಾದರೆ, ವಯಸ್ಸಿನ ಪ್ರಕಾರ ಹೋಗಬೇಡಿ. ಕುಲ್ ಈಲಾ, ಪೋರ್ಟ್ ಎಲೆನ್, ಲಗವೂಲಿನ್, ಕೊನೆಗೆ ಲಫ್ರೋಯ್ಗ್ ಎಂಬುದು ನನ್ನ ಸಲಹೆ. ಶೆರ್ರಿಯ ಸಿಹಿ ಒಮ್ಮೆ ನಾಲಿಗೆಗೆ ಅಂಟಿದರೆ ಅದರ ಹಿಂದೆ ಬರುವ ಸೂಕ್ಷ್ಮವಾದ ವಿಸ್ಕಿ ಬರೀ ಬೂದಿಯಂತೆ ತೋರುತ್ತದೆ. ಮೊದಲ ಸುತ್ತಿನಲ್ಲಿ ನಾಲ್ಕನ್ನೂ ಕುಡಿಯದೆ ವಾಸನೆ ಮಾತ್ರ ನೋಡಿ ಬರೆದಿಟ್ಟುಕೊಳ್ಳಿ, ಏಕೆಂದರೆ ಹೊಗೆಗೆ ನಾಲಿಗೆಗಿಂತ ಮೂಗು ಬೇಗ ದಣಿಯುತ್ತದೆ. ಲೋಟಗಳನ್ನು ತೊಳೆಯದೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ಮೂಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಬೇಗ ಹಾರುವ ಅಂಶಗಳೆಲ್ಲ ಹೋಗಿ, ತಳದಲ್ಲಿ ಫೀನಾಲುಗಳ ವಾಸನೆ ಉಳಿದಿರುತ್ತದೆ. ಆಗ ನಿಮ್ಮ ಲಫ್ರೋಯ್ಗ್‌ನಲ್ಲಿ ಎಷ್ಟು ಪೀಟ್ ಅಡಗಿತ್ತು ಎಂಬುದು ತಿಳಿಯುತ್ತದೆ.

ಹಳೇಪೀಪಾಯಿ ಅವರ ಉತ್ತರ:

ಒಂದು ವಿಷಯವನ್ನು ಇಬ್ಬರೂ ಬಿಟ್ಟಿದ್ದಾರೆ. ಹೆಚ್ಚು ವರ್ಷ ಮಾಗಿದ ವಿಸ್ಕಿ ಬೇರೆ, ಹಿಂದಿನ ಕಾಲದಲ್ಲಿ ತಯಾರಾದ ವಿಸ್ಕಿ ಬೇರೆ. ಲೇಬಲ್ ಮೇಲಿನ ವಯಸ್ಸು ಪೀಪಾಯಿಯಲ್ಲಿ ಕಳೆದ ಕಾಲವನ್ನು, ಅದರಲ್ಲಿಯೂ ಬೆರೆತಿರುವವುಗಳಲ್ಲಿ ಅತಿ ಕಿರಿಯದರ ವಯಸ್ಸನ್ನು ಹೇಳುತ್ತದೆ. ಬಟ್ಟಿ ಇಳಿಸಿದ ವರ್ಷ ಗೊತ್ತಿಲ್ಲದೆ ಹೋಲಿಕೆ ಪೂರ್ಣವಾಗುವುದಿಲ್ಲ.

1970ರ ದಶಕದಲ್ಲಿ ಆರ್ಡ್‌ಬೆಗ್ ತನ್ನ ಅಂಗಳದಲ್ಲಿಯೇ ಬಾರ್ಲಿಯನ್ನು ಮೊಳೆಯಿಸಿ ಪೀಟ್ ಹೊಗೆಯಲ್ಲಿ ಒಣಗಿಸುತ್ತಿತ್ತು. 1981ರಲ್ಲಿ ಬಾಗಿಲು ಮುಚ್ಚಿ 1989ರಲ್ಲಿ ಮತ್ತೆ ತೆರೆದಾಗ ಮಾಲ್ಟ್ ಹೊರಗಿನಿಂದ ಬರತೊಡಗಿತ್ತು. ಈ ಎರಡು ಕಾಲದ ಆರ್ಡ್‌ಬೆಗ್‌ಗಳನ್ನು ಒಂದೇ ಎಂದು ಭಾವಿಸುವುದು ಸರಿಯಲ್ಲ. ಐಲಾದ್ದೇ ಆದ ಬೊಮೋರ್ ಡಿಸ್ಟಿಲರಿಯ 1960ರ ದಶಕದ ವಿಸ್ಕಿ ಮಾವು, ಅನಾನಸಿನಂಥ ಹಣ್ಣುಗಳ ಪರಿಮಳಕ್ಕೆ ಹೆಸರಾದರೆ, 1980ರ ದಶಕದ ಹಲವು ಬೊಮೋರ್‌ಗಳಲ್ಲಿ ಸಾಬೂನು, ಲ್ಯಾವೆಂಡರ್ ವಾಸನೆ ಬರುತ್ತದೆ. ಮುಖ್ಯಭೂಮಿಯ ಉತ್ತರದಲ್ಲಿರುವ ಬ್ರೋರಾ ಡಿಸ್ಟಿಲರಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. 1970ರ ದಶಕದ ಆರಂಭದಲ್ಲಿ ಕುಲ್ ಈಲಾವನ್ನು ಕೆಡವಿ ಕಟ್ಟುತ್ತಿದ್ದಾಗ, ಮಿಶ್ರ ವಿಸ್ಕಿಗಳಿಗೆ ಬೇಕಾದ ಪೀಟ್ ಮಾಲ್ಟ್‌ನ ಕೊರತೆ ನೀಗಿಸಲು ಬ್ರೋರಾದಲ್ಲಿ ದಟ್ಟ ಹೊಗೆಯ ವಿಸ್ಕಿ ತೆಗೆದರು. ಆ ಅಗತ್ಯ ತೀರಿದ ಮೇಲೆ ಅಲ್ಲಿನ ಹೊಗೆ ಬಹುಮಟ್ಟಿಗೆ ತಗ್ಗಿತು. ಆದ್ದರಿಂದ 1972ರ ಬ್ರೋರಾವನ್ನೂ 1982ರ ಬ್ರೋರಾವನ್ನೂ ಎದುರುಬದುರಾಗಿ ಇಟ್ಟು, ಹೊಗೆ ಕಡಿಮೆಯಾಗಿದ್ದು ವಯಸ್ಸಿನಿಂದ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ಬ್ರೋರಾ ಮತ್ತು ಪೋರ್ಟ್ ಎಲೆನ್ ಎರಡೂ 1983ರಲ್ಲಿ ಮುಚ್ಚಿದವು. ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ಕೆಲಸ ಆರಂಭಿಸಿದ್ದರೂ ನಿಮ್ಮ ಬಳಿ ಇರುವ 1979ರ ದ್ರವ ಹಿಂದಿನ ಹಂಡೆಗಳದ್ದು, ಹೊಸದಾಗಿ ಹುಟ್ಟುವಂಥದ್ದಲ್ಲ. ಅದಕ್ಕೆ ಹೆಚ್ಚಿನ ಸಮಯ ಕೊಡಿ. ಬಣ್ಣವನ್ನು ಮಾತ್ರ ಯಾವುದಕ್ಕೂ ಸಾಕ್ಷಿಯೆಂದು ತೆಗೆದುಕೊಳ್ಳಬೇಡಿ, ಸ್ಕಾಚ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿ ಇದೆ.

ಕಡಲಂಚು ಅವರ ಮರುಪ್ರಶ್ನೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲು ಕುಲ್ ಈಲಾ ಮತ್ತು ಲಗವೂಲಿನ್ ಜೋಡಿಯನ್ನು ಒಂದು ಸಂಜೆ ಪ್ರತ್ಯೇಕವಾಗಿ ನೋಡಿ, ಉಳಿದೆರಡನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಅಲ್ಲಿಯವರೆಗೆ ಅರ್ಧ ಖಾಲಿಯಾದ ಮಾದರಿ ಬಾಟಲಿಗಳಲ್ಲಿ ಹೊಗೆ ಹಾಗೆಯೇ ಉಳಿಯುತ್ತದೆಯೇ?

ನಿಧಾನಗುಟುಕು ಅವರ ಉತ್ತರ:

ಕೆಲವು ದಿನಗಳಾದರೆ ಚಿಂತೆ ಇಲ್ಲ. ತಿಂಗಳುಗಟ್ಟಲೆ ಇಡುವುದಾದರೆ, ಒಳಗಿನ ಗಾಳಿಯಿಂದಾಗಿ ಹೊಗೆಯ ಮೊನಚು ಮಂಕಾಗುತ್ತದೆ, ಅದರಲ್ಲಿಯೂ ಹಳೆಯ ವಿಸ್ಕಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಕುತ್ತಿಗೆಯವರೆಗೆ ತುಂಬುವಷ್ಟು ಸಣ್ಣ ಗಾಜಿನ ಶೀಶೆಗೆ ವರ್ಗಾಯಿಸಿ, ಮುಚ್ಚಳ ಬಿಗಿಮಾಡಿ, ಬೆಳಕು ಬೀಳದ ತಂಪಾದ ಜಾಗದಲ್ಲಿ ನಿಲ್ಲಿಸಿಡಿ. ಎರಡನೆಯ ಸಂಜೆ ಲಗವೂಲಿನ್ ಅನ್ನು ಒಂದಿಷ್ಟು ಉಳಿಸಿಕೊಂಡಿದ್ದರೆ, ಪೋರ್ಟ್ ಎಲೆನ್ ಮತ್ತು ಲಫ್ರೋಯ್ಗ್‌ಗೆ ಅದೇ ಅಳತೆಗೋಲಾಗುತ್ತದೆ.