‘ಗೆರ್’ ಅನ್ನು ಗುಡಾರ ಎನ್ನಬಹುದೇ? ಕೆಲವು ಮನೆಗಳ ಹೆಸರಿನ ಬಗ್ಗೆ

ಮಾನ್ಯರೇ,

ಪ್ರವಾಸದಲ್ಲಿ ಕಂಡ ಬಗೆಬಗೆಯ ಮನೆಗಳ ಕುರಿತು ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ರೂಢಿಯಲ್ಲಿರುವ ಕೆಲವು ಪದಗಳು ಆ ಮನೆಗಳ ರಚನೆಗಾಗಲಿ ಅಲ್ಲಿನ ಬದುಕಿಗಾಗಲಿ ಹೊಂದುತ್ತಿಲ್ಲವೆಂದು ತೋರಿದ್ದರಿಂದ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

ಮುಖ್ಯವಾದ ತೊಡಕು ಮಂಗೋಲಿಯಾದ ಅಲೆಮಾರಿಗಳು ಬಿಚ್ಚಿ ಸಾಗಿಸುವ ದುಂಡು ಮನೆಯಾದ ಗೆರ್‌ನದು. ಇದನ್ನು ಗುಡಾರ ಅಥವಾ ಡೇರೆ ಎಂದು ಬರೆಯುವುದುಂಟು. ಆದರೆ ಈ ಎರಡು ಪದಗಳಲ್ಲೂ ಬಟ್ಟೆಯ ಮರೆ, ನಾಲ್ಕು ದಿನದ ತಂಗುವಿಕೆ ಎಂಬ ಭಾವ ಸೇರಿಕೊಂಡಿದೆ. ಗೆರ್‌ಗಾದರೋ ಮಡಚಿ ಸಾಗಿಸಬಹುದಾದ ಮರದ ಜಾಲರಿಯ ಗೋಡೆಯಿದೆ, ವಾಡಿಕೆಯಂತೆ ದಕ್ಷಿಣಕ್ಕೆ ಮುಖಮಾಡಿದ ಮರದ ಬಾಗಿಲಿದೆ. ಗೋಡೆಯ ಮೇಲಂಚಿನಿಂದ ಏರುವ ಗಳುಗಳೆಲ್ಲ ನೆತ್ತಿಯಲ್ಲಿರುವ ‘ತೋನೊ’ ಎಂಬ ಮರದ ಬಳೆಗೆ ಬಂದು ಸೇರುತ್ತವೆ, ಅದರ ಮೂಲಕವೇ ಬೆಳಕು ಒಳಬರುತ್ತದೆ, ಒಲೆಯ ಹೊಗೆಕೊಳವೆ ಹೊರಹೋಗುತ್ತದೆ. ಗೋಡೆಗೂ ಮಾಡಿಗೂ ಸುತ್ತುವುದು ನೇಯ್ದ ಕಂಬಳಿಯನ್ನಲ್ಲ, ಕುರಿಯ ಉಣ್ಣೆಯನ್ನು ನೆನೆಸಿ, ಒತ್ತಿ ಮಾಡಿದ ದಪ್ಪ ಹಾಸನ್ನು. ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಆ ನಾಡಿನಲ್ಲಿ ಎಷ್ಟೋ ಕುಟುಂಬಗಳ ವರ್ಷಪೂರ್ತಿಯ ಸಂಸಾರ ನಡೆಯುವುದು ಇದರೊಳಗೇ. ಗೆರ್ ಕಟ್ಟುವ ಕುಶಲತೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಯವರ ನುಡಿಯಲ್ಲಿ ಗೆರ್ ಎಂದರೆ ‘ಮನೆ’ ಎಂದೇ ಅರ್ಥ. ಹೀಗಿರುವಾಗ ಗುಡಾರ ಎಂದೊಡನೆ ಮನೆಯವರೆಲ್ಲ ಬಿಡಾರ ಹೂಡಿದವರಾಗಿಬಿಡುತ್ತಾರೆ. ‘ಗೆರ್’ ಎಂಬುದನ್ನೇ ಉಳಿಸಿಕೊಂಡು, ಮೊದಲ ಸಲ ಮಾತ್ರ ‘ಉಣ್ಣೆಹಾಸಿನ ಮನೆ’ ಎಂದು ವಿವರಿಸುವುದು ಲೇಸೆಂದು ನನ್ನ ಅನಿಸಿಕೆ. ತೋನೊಗೆ ‘ಬೆಳಕಿಂಡಿ’ ಸಾಲದು, ಏಕೆಂದರೆ ಅದು ಗಳುಗಳನ್ನು ಹಿಡಿದು ನಿಲ್ಲಿಸುವ ಅಂಗವೂ ಹೌದು.

ಎರಡನೆಯದು ನೆಲದೊಳಗಿನ ಮನೆ. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಗುಡ್ಡದ ಬದಿಯನ್ನು ಅಡ್ಡಲಾಗಿ ಕೊರೆದು ಮನೆ ಮಾಡಿಕೊಂಡಿದ್ದಾರೆ. ಟುನೀಸಿಯಾದ ಮತ್ಮಾತಾದಲ್ಲಿ ಮೊದಲು ಆಳವಾದ ಗುಂಡಿಯನ್ನು ತೋಡಿ, ಅದನ್ನೇ ಅಂಗಳವಾಗಿಟ್ಟುಕೊಂಡು, ಅದರ ಸುತ್ತಲಿನ ಮಣ್ಣಿನೊಳಗೆ ಕೋಣೆಗಳನ್ನು ಕೊರೆದಿದ್ದಾರೆ. ‘ಗುಹೆ’ ಎಂದರೆ ತಾನಾಗಿ ಉಂಟಾದದ್ದೆಂಬ ಭಾವನೆ ಬರುತ್ತದೆ. ‘ನೆಲಮಾಳಿಗೆ’ ಎಂದರೆ ಮೇಲೊಂದು ಮನೆಯಿದೆ ಎಂದಾಗುತ್ತದೆ. ‘ತೋಡುಮನೆ’ ಎಂದು ಹೊಸದಾಗಿ ಕಟ್ಟಿಕೊಳ್ಳಬಹುದೇನೋ. ಆದರೆ ‘ತೋಡು’ ಎಂದರೆ ಹಳ್ಳವೆಂದು ತಿಳಿಯುವ ಕಡೆಗಳಲ್ಲಿ ಇದು ಹಳ್ಳದ ದಂಡೆಯ ಮನೆಯಾದೀತೆಂಬ ಅಳುಕೂ ಇದೆ.

ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ಮನೆಗಳ ವಿಷಯ ಅಷ್ಟು ಕಠಿಣವಲ್ಲ. ಹಳೆಯ ಸರಕುದೋಣಿಯನ್ನು ಮಾರ್ಪಡಿಸಿದ್ದರೆ ‘ದೋಣಿಮನೆ’ ಸರಿ. ಕಾಂಕ್ರೀಟಿನ ತಳದ ಮೇಲೆ ಕಟ್ಟಿದ, ಎಂದೂ ದೋಣಿಯಾಗಿರದ ಮನೆಗೆ ‘ತೇಲುಮನೆ’ ಎಂದು ಬರೆದಿದ್ದೇನೆ.

ತೋಡಿ ಮಾಡಿದ ವಾಸದ ಮನೆಗೆ ಆಡುಮಾತಿನಲ್ಲಾಗಲಿ ಹಳಗನ್ನಡದಲ್ಲಾಗಲಿ ಬೇರೆ ಪದವಿದ್ದರೆ, ಅದು ಬಳಕೆಯಾಗಿರುವ ವಾಕ್ಯದ ಸಮೇತ ತಿಳಿಸಬೇಕೆಂದು ವಿನಂತಿ.