ಪಿಯು ಹುಡುಗಿಗೆ ಲವ್ವರ್ ಹಿಂಸೆ ಕೊಡ್ತಿದ್ದಾನೆ ಅನ್ನೋ ಅನುಮಾನ: ಏನು ಗಮನಿಸಬೇಕು?

ಪ್ರಶ್ನೆ (ಪಿಯು ಉಪನ್ಯಾಸಕ): 16–17ರ ಹುಡುಗಿಯರ ಮೈಮೇಲೆ ಗಾಯ ಕಾಣದಿದ್ದರೆ ಗುರುತಿಸೋದು ಹೇಗೆ? ಬಾಯಿಬಿಟ್ಟರೆ ಮುಂದೇನು? ಮನೆಗೆ ಗೊತ್ತಾದರೆ ಓದು ಬಿಡಿಸಿ ಮದುವೆ ಮಾಡ್ತಾರೆ ಅನ್ನೋ ಭಯವೂ ಇರುತ್ತೆ.

ಆಪ್ತಸಮಾಲೋಚಕಿ: ಸಾಮಾನ್ಯವಾಗಿ ಏಟಿಗಿಂತ ಮೊದಲು ಫೋನ್ ಅವನ ಕೈಗೆ ಹೋಗಿರುತ್ತೆ. ಪಾಸ್‌ವರ್ಡ್ ಕೇಳೋದು, ಲೊಕೇಶನ್ ಆನ್ ಇಡಿಸೋದು, ವಿಡಿಯೊ ಕಾಲ್ ಮಾಡಿ ‘ಪಕ್ಕದಲ್ಲಿ ಯಾರಿದ್ದಾರೆ ತೋರಿಸು’ ಅನ್ನೋದು. ಹುಡುಗಿ ಇದನ್ನ ‘ಪೊಸೆಸಿವ್’ ಅಂತ ಹೆಮ್ಮೆಯಿಂದ ಹೇಳೋದೂ ಉಂಟು. ಆಮೇಲೆ ಪದೇ ಪದೇ ತಲೆನೋವು, ಹೊಟ್ಟೆನೋವು, ನಿದ್ದೆಗೇಡು. ‘ಹೊಡೀತಾನಾ?’ ಅಂದರೆ ಇಲ್ಲ ಅಂತಾಳೆ. ‘ಮೆಸೇಜಿಗೆ ತಡವಾಗಿ ಉತ್ತರ ಕೊಟ್ಟರೆ ಏನಾಗುತ್ತೆ?’ ಅಂತ ಕೇಳಿ.

‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಬರೀ ಕೆನ್ನೆಗೆ ಹೊಡೆದದ್ದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಅಡಿ ಬರಲ್ಲ. ಆದರೆ ಲೈಂಗಿಕ ಕೃತ್ಯ ನಡೆದಿದ್ದರೆ, 18 ತುಂಬದವಳ ಒಪ್ಪಿಗೆ ಲೆಕ್ಕಕ್ಕಿಲ್ಲ. ತಿಳಿದವರು ಇದೇ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅವಳು ಮಾತು ಶುರು ಮಾಡೋ ಮುಂಚೆಯೇ ಇದು ಅವಳಿಗೆ ಗೊತ್ತಿರಲಿ.

ವೈದ್ಯೆ: ಒಂದು ಪ್ರಶ್ನೆ ಬಿಡಲೇಬೇಡಿ: ಕುತ್ತಿಗೆ ಹಿಸುಕಿದ್ದಾನಾ? ಹೊರಗೆ ಗುರುತೇ ಇಲ್ಲದೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ತೊಂದರೆ ಗಂಟೆಗಳ ಅಥವಾ ದಿನಗಳ ನಂತರವೂ ಕಾಣಿಸಬಹುದು. ದನಿ ಒಡೆದಿದ್ದರೆ, ನುಂಗಲು ನೋವಾದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ, ಪ್ರಜ್ಞೆ ತಪ್ಪಿದ್ದರೆ ಅಥವಾ ಆ ಹೊತ್ತಲ್ಲಿ ಮೂತ್ರ ಹೋಗಿದ್ದರೆ ಅವತ್ತೇ ಆಸ್ಪತ್ರೆಗೆ.

ಬಲಾತ್ಕಾರ ಆಗಿದ್ದರೆ ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೋಬೇಕು. ತುರ್ತು ಗರ್ಭನಿರೋಧಕ ಮಾತ್ರೆಯೂ ಎಷ್ಟು ಬೇಗ ಅಷ್ಟು ಒಳ್ಳೇದು. ‘ಮೊದಲು ಎಫ್‌ಐಆರ್ ತನ್ನಿ’ ಅನ್ನೋ ಹಾಗಿಲ್ಲ. ಖಾಸಗಿ ಆಸ್ಪತ್ರೆಯೂ ಚಿಕಿತ್ಸೆಯನ್ನ ಉಚಿತವಾಗಿ ಕೊಡಬೇಕು.

ಪ್ರಶ್ನೆ ಕೇಳಿದವರು: ಖಾಸಗಿ ಫೋಟೊ ಹರಿಬಿಡ್ತೀನಿ ಅಂತ ಹೆದರಿಸಿದರೆ? ಸಾಕ್ಷಿಗೆ ನಾನು ತರಿಸಿಕೊಳ್ಳಲಾ?

ಆಪ್ತಸಮಾಲೋಚಕಿ: ಬೇಡವೇ ಬೇಡ. ಅಪ್ರಾಪ್ತೆಯ ಅಂಥ ಫೋಟೊ ಇಟ್ಟುಕೊಳ್ಳೋದು, ಫಾರ್ವರ್ಡ್ ಮಾಡೋದೇ ಅಪರಾಧ ಆಗಬಹುದು. ಬೆದರಿಕೆಯ ಚಾಟ್ ಅಳಿಸದಂತೆ ಹೇಳಿ; ದಿನಾಂಕ, ಅಕೌಂಟ್ ಹೆಸರು, ಲಿಂಕ್ ಬರೆದಿಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಅಪ್ರಾಪ್ತರ ಅಂಥ ಫೋಟೊಗಳನ್ನ ಆನ್‌ಲೈನ್‌ನಿಂದ ತೆಗೆಸೋಕೆ ನೆರವಾಗೋ ‘ಟೇಕ್ ಇಟ್ ಡೌನ್’ ಸೇವೆಗೆ ಫೋಟೊ ಕಳಿಸಬೇಕಾಗೇ ಇಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತೆ.

ಮದುವೆಯ ಭಯಕ್ಕೆ: ಮಕ್ಕಳ ಸಹಾಯವಾಣಿ 1098. ಮನೆಯಲ್ಲೇ ಅಪಾಯ ಅನ್ನಿಸಿದರೆ ಮಕ್ಕಳ ಕಲ್ಯಾಣ ಸಮಿತಿ ಅವಳಿಗೆ ಬೇರೆ ಕಡೆ ಆಶ್ರಯ ಕೊಡಿಸಬಹುದು. ಹಾಗಾಗಿ ಮನೆಗೆ ಫೋನ್ ಮಾಡೋ ಮುಂಚೆ, ಮನೆಯಲ್ಲಿ ಯಾರನ್ನ ನಂಬ್ತೀಯಮ್ಮ ಅಂತ ಅವಳನ್ನೇ ಕೇಳಿ.